ಸ್ಪಷ್ಟನೆ: ಫ್ಲಾನನ್ ದೀಪಸ್ತಂಭದ ‘ಅರ್ಧ ತಿಂದ ಊಟ’ದ ಕಥೆ

ಸ್ಕಾಟ್ಲೆಂಡಿನ ಫ್ಲಾನನ್ ದ್ವೀಪದ ಲೈಟ್‌ಹೌಸಿನಿಂದ 1900ರ ಡಿಸೆಂಬರಿನಲ್ಲಿ ಮೂವರು ಕಾವಲುಗಾರರು ಕಾಣೆಯಾದರು, ಮೇಜಿನ ಮೇಲೆ ಅರ್ಧ ತಿಂದ ಊಟ ಹಾಗೇ ಇತ್ತು, ಕುರ್ಚಿ ಉರುಳಿ ಬಿದ್ದಿತ್ತು, ದೆವ್ವವೇ ಹೊತ್ತೊಯ್ದಿದೆ ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಅವರು ಕಾಣೆಯಾದದ್ದು ನಿಜ. ಉಳಿದದ್ದರಲ್ಲಿ ಮಸಾಲೆ ಜಾಸ್ತಿ.

ಡಿಸೆಂಬರ್ 26ರಂದು ಮೊದಲು ಒಳಗೆ ಹೋದವನು ಬದಲಿ ಕಾವಲುಗಾರ ಜೋಸೆಫ್ ಮೂರ್. ಅಡುಗೆಮನೆಯ ಪಾತ್ರೆಗಳೆಲ್ಲ ತೊಳೆದು ಸ್ವಚ್ಛವಾಗಿದ್ದವು ಎಂದೇ ಅವನು ಬರೆದಿದ್ದಾನೆ. ಮೇಜಿನ ಮೇಲಿನ ಊಟ, ಉರುಳಿದ ಕುರ್ಚಿ ಎರಡೂ ಇರುವುದು 1912ರ ಒಂದು ಇಂಗ್ಲಿಷ್ ಕವನದಲ್ಲಿ; ಅದರಲ್ಲೂ ಊಟ ಅರ್ಧ ತಿಂದದ್ದಲ್ಲ, ಮುಟ್ಟದೇ ಬಿಟ್ಟದ್ದು.

‘ಮೆಕಾರ್ಥರ್ ಅಳುತ್ತಿದ್ದಾನೆ, ಎಲ್ಲರೂ ಪ್ರಾರ್ಥನೆ ಮಾಡಿದೆವು’ ಅಂತ ಕಾಣೆಯಾದ ಮೂವರಲ್ಲೊಬ್ಬನ ಬಗ್ಗೆ ಹೇಳುವ ಲಾಗ್‌ಬುಕ್ ಸಾಲುಗಳೂ ಕಟ್ಟುಕಥೆಯೇ. ಹವಾಮಾನ, ದೀಪ ಆರಿಸಿದ ಸಮಯ ಬರೆಯುವ ಸರ್ಕಾರಿ ಪುಸ್ತಕದಲ್ಲಿ ಜೊತೆಯವನ ಅಳು ಯಾರು ಬರೆಯುತ್ತಾರೆ, ಅಲ್ವಾ? ನಿಜವಾದ ಕೊನೆಯ ಟಿಪ್ಪಣಿ ಸ್ಲೇಟಿನ ಮೇಲಿತ್ತು, ಡಿಸೆಂಬರ್ 15ರ ಬೆಳಿಗ್ಗೆ 9 ಗಂಟೆಯದು.

ತನಿಖೆಗೆ ಬಂದ ಅಧಿಕಾರಿ ರಾಬರ್ಟ್ ಮ್ಯೂರ್‌ಹೆಡ್ ಪಶ್ಚಿಮದ ದೋಣಿಕಟ್ಟೆ ನೋಡಿದಾಗ ಕಬ್ಬಿಣದ ಕಂಬಿಗಳು ಬಾಗಿದ್ದವು, ಒಂದು ಟನ್‌ಗೂ ಮೀರಿದ ಬಂಡೆ ಜಾಗ ಬಿಟ್ಟಿತ್ತು, ಸಮುದ್ರಮಟ್ಟದಿಂದ 110 ಅಡಿ ಎತ್ತರದಲ್ಲಿಟ್ಟಿದ್ದ ಹಗ್ಗದ ಪೆಟ್ಟಿಗೆಯೂ ಒಡೆದು ಹೋಗಿತ್ತು. ಅಂಥಾ ಎತ್ತರಕ್ಕೆ ಏರುವ ಅಲೆ ಇದ್ದಾಗ ದೆವ್ವ ಯಾಕೆ ಬೇಕು! 15ರ ಮಧ್ಯಾಹ್ನ ಆ ಪೆಟ್ಟಿಗೆ ಭದ್ರಪಡಿಸಲು ಇಳಿದವರನ್ನು ದೊಡ್ಡ ಅಲೆಯೊಂದು ಎಳೆದುಕೊಂಡಿರಬೇಕು ಎಂಬುದು ಅವನ ವರದಿ. ಶವಗಳು ಸಿಗಲೇ ಇಲ್ಲ, ಹಾಗಾಗಿ ಇದೂ ಊಹೆಯೇ. ಆದರೆ ಮುರಿದ ಪೆಟ್ಟಿಗೆ, ಬಾಗಿದ ಕಂಬಿ ನೋಡಿ ಮಾಡಿದ ಊಹೆ.