ಬಸವನ ದನ ಸರಸರ

ಹೋದ ಆಷಾಢದಲ್ಲಿ ಊರಿಗೆ ಹೋಗಿದ್ದಾಗ ಅಪ್ಪ ಮೊಮ್ಮಗಳ ಚೀಲದಿಂದ ಒಂದು ಪುಸ್ತಕ ತೆಗೆದರು. ಕನ್ನಡಕ ಏರಿಸಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿದರು. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಒಂದು ಮಗು ಬೂಟು ಹಾಕಿಕೊಳ್ಳುತ್ತೆ. ಮಳೆಯಲ್ಲಿ ಹೊರಗೆ ಹೋಗುತ್ತೆ. ನೀರು ನಿಂತ ಗುಂಡಿಯಲ್ಲಿ ಕುಣಿಯುತ್ತೆ. ಒದ್ದೆಯಾಗಿ ಮನೆಗೆ ಬರುತ್ತೆ. ಮುಗೀತು. ಅಪ್ಪ ಹಿಂದಿನ ರಟ್ಟನ್ನೂ ತಿರುಗಿಸಿ ನೋಡಿದರು, ಅಲ್ಲೇನಾದರೂ ಉಳಿದಿದೆಯೇನೋ ಅಂತ. ಆಮೇಲೆ ಪುಟ್ಟಿಯನ್ನು ಹತ್ತಿರ ಕರೆದು ಕೇಳಿದರು: "ಎಲ್ಲಿ, ಈ ಕಥೆಯ ನೀತಿ ಏನು, ಹೇಳು ನೋಡೋಣ?"

ಪುಟ್ಟಿ "ಪಚಕ್ ಪಚಕ್" ಅಂದಳು.

ಅಪ್ಪ ಇಡೀ ಜೀವಮಾನ ಮಿಡ್ಲ್ ಸ್ಕೂಲ್ ಮೇಷ್ಟ್ರಾಗಿದ್ದವರು. ಅವರಿಗೆ ಆ ಉತ್ತರ ಹಿಡಿಸಲಿಲ್ಲ. ನನ್ನ ಕಡೆ ತಿರುಗಿ, "ಕಥೇನೇ ಇಲ್ವಲ್ಲಯ್ಯಾ. ಇದಕ್ಕೆ ಏಳು ಪೌಂಡಾ?" ಅಂದರು. ಅಂದರೆ ಏಳುನೂರು ರೂಪಾಯಿಗೂ ಜಾಸ್ತಿ. ದುಡ್ಡಿನ ಮಾತು ಬಿಡಿ, ಅದು ನಿಜವೇ. ಆದರೆ ನೀತಿಯ ಮಾತು ಚುರುಕ್ ಅಂತು. ಮಗು ನಕ್ಕು, ಕುಣಿದು, ಪುಸ್ತಕ ಎದೆಗೆ ಒತ್ತಿಕೊಂಡು ಮಲಗುತ್ತೆ. ಅದು ಸಾಲದಾ?

ನಾವಿರೋದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಎಳೇ ಮಕ್ಕಳಿಗೆ ಪುಸ್ತಕ ಹಂಚುವ 'ಬುಕ್‌ಸ್ಟಾರ್ಟ್' ಶುರುವಾದದ್ದು ಇದೇ ಊರಲ್ಲಿ, 1992ರಲ್ಲಿ. ಮೊದಲು ಬರೀ 300 ಮಕ್ಕಳಿಗೆ. ಆಮೇಲೆ ಅದು ದೇಶಕ್ಕೆಲ್ಲ ಹಬ್ಬಿತು, ಜಪಾನಿನವರೂ ಇದನ್ನು ನೋಡಿ ತಮ್ಮಲ್ಲಿ ಶುರು ಮಾಡಿಕೊಂಡರು. ಪುಟ್ಟಿ ಹುಟ್ಟಿದಾಗ, ಮಗುವಿನ ತೂಕ ನೋಡೋಕೆ ಮನೆಗೆ ಬಂದ ಹೆಲ್ತ್ ವಿಸಿಟರ್ ಹೋಗುವಾಗ ಒಂದು ಚೀಲ ಕೊಟ್ಟು ಹೋದರು. ಒಳಗೆ ಪುಸ್ತಕ. ಬಾಣಂತನಕ್ಕೆ ಬಂದಿದ್ದ ನಮ್ಮತ್ತೆ ಗಾಬರಿಯಾಗಿ, "ಕತ್ತೇ ನಿಂತಿಲ್ಲ, ಇದಕ್ಕೆ ಈಗಲೇ ಓದಾ?" ಅಂದರು. ನನಗೂ ಹಾಗೇ ಅನಿಸಿತ್ತು. ಮಗು ಪುಸ್ತಕ ಓದಲಿಲ್ಲ, ತಿಂದಿತು. ದಪ್ಪ ರಟ್ಟಿನ ಹಾಳೆ, ಮೂಲೆ ಚುಚ್ಚದ ಹಾಗೆ ದುಂಡಗೆ ಕತ್ತರಿಸಿದ್ದು. ಅದನ್ನು ತಿನ್ನಲಿ ಅಂತಲೇ ಮಾಡಿರ್ತಾರೆ. ತಿಂದೂ ತಿಂದೂ ಒಂದು ದಿನ ತಾನೇ ಪುಟ ತಿರುಗಿಸಿತು.

ಆ ಪುಸ್ತಕಗಳಲ್ಲಿ ದೊಡ್ಡದೇನೂ ನಡೆಯೋದಿಲ್ಲ. ಕಾಲುಚೀಲ ಕಳೆದುಹೋಗುತ್ತೆ, ಸಿಗುತ್ತೆ. ಮಗು ಸ್ನಾನ ಬೇಡ ಅನ್ನುತ್ತೆ, ಆಮೇಲೆ ತೊಟ್ಟಿಯಿಂದ ಏಳೋದೇ ಇಲ್ಲ. ಮನೆಗೆ ಹೊಸ ಪಾಪು ಬರುತ್ತೆ. ದೀಪ ಆರಿಸ್ತಾರೆ. ಪುಟಕ್ಕೆ ನಾಲ್ಕೋ ಐದೋ ಮಾತು. ಸುಮ್ನೆ ಬರೆದಂತೆ ಕಾಣುತ್ತೆ, ಆದರೆ ಪ್ರತಿ ರಾತ್ರಿ ಓದಿದವರಿಗೆ ಗೊತ್ತು ಅದರ ಕಸುಬು. 'ಎಲ್ಲರೂ ಮಲಗಿದರು' ಅಂತ ಅಕ್ಷರ ಹೇಳುತ್ತೆ. ಚಿತ್ರದಲ್ಲಿ ಮಂಚದ ಕೆಳಗೆ ಒಂದು ಇಲಿ ಕಣ್ಣು ಬಿಟ್ಟುಕೊಂಡು ಕೂತಿರುತ್ತೆ. ಓದಲು ಬರುವ ನಾನು ಅದನ್ನು ನೋಡೋದಿಲ್ಲ. ಓದಲು ಬಾರದ ಪುಟ್ಟಿಗೆ ಮೊದಲು ಅದೇ ಕಾಣುತ್ತೆ. ತನ್ನಪ್ಪನಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಅನ್ನೋ ಖುಷಿ ಇದೆಯಲ್ಲ, ಮಾರನೇ ರಾತ್ರಿ ಅದೇ ಪುಸ್ತಕ ಮತ್ತೆ ಮಡಿಲಿಗೆ ಬರೋದು ಅದಕ್ಕೇ.

ಇಲ್ಲಿ ಮಕ್ಕಳು ನಾಲ್ಕು ತುಂಬಿದ ಮೇಲೆ ಶಾಲೆಗೆ ಸೇರುತ್ತಾರೆ. ಪುಟ್ಟಿ ಶಾಲೆಯಿಂದ ತಂದ ಮೊದಲ ಪುಸ್ತಕದಲ್ಲಿ ಒಂದಕ್ಷರವೂ ಇರಲಿಲ್ಲ. ಬರೀ ಚಿತ್ರ. ವಿಡಿಯೋ ಕಾಲಿನಲ್ಲಿ ನೋಡಿದ ಅಮ್ಮ, "ಅಚ್ಚು ಹಾಕೋದು ಮರೆತಿದಾರೆ, ವಾಪಸ್ ಕೊಡು" ಅಂದರು. ಮರೆತದ್ದಲ್ಲ. ಇಲ್ಲಿ ಓದುವ ಪುಸ್ತಕಗಳನ್ನು ಬಣ್ಣದ ಮೇಲೆ ವಿಂಗಡಿಸುತ್ತಾರೆ. ತಿಳಿ ನೇರಳೆ ಅಂದರೆ ಮಾತಿಲ್ಲದ ಪುಸ್ತಕ, ಆಮೇಲೆ ಗುಲಾಬಿ, ಕೆಂಪು, ಹಳದಿ, ಹೀಗೆ ಮೇಲೆ ಮೇಲೆ. ಮೊದಲು ಮಗು ಚಿತ್ರ ನೋಡಿ ಕಥೆಯನ್ನು ತಾನೇ ಹೇಳಬೇಕು. ಎಡದಿಂದ ಬಲಕ್ಕೆ ಹೋಗೋದು, ಪುಟ ತಿರುಗಿಸಿದರೆ ಮುಂದೇನೋ ಕಾದಿದೆ ಅನ್ನೋದು, ಇದೆಲ್ಲ ಅಕ್ಷರಕ್ಕಿಂತ ಮೊದಲು ಬರಲಿ ಅಂತ. ಗುಲಾಬಿ ಬಣ್ಣಕ್ಕೆ ಬಂದಾಗ ಪುಟಕ್ಕೆ ಎರಡು ಮೂರು ಪದ, ಕಲಿತ ಅಕ್ಷರಗಳದ್ದೇ. ಪುಸ್ತಕ ಮುಗಿಸಿ "ನಾನೇ ಓದಿದೆ" ಅಂತ ಮನೆಯೆಲ್ಲ ಓಡಾಡಿದಳು.

ಈಗ ನಮ್ಮ ಕಡೆ ಬನ್ನಿ. ಆ ಸಲ ವಾಪಸ್ ಬರುವಾಗ ಬೆಂಗಳೂರಿನ ಒಂದು ದೊಡ್ಡ ಪುಸ್ತಕದಂಗಡಿಗೆ ಹೋಗಿ, "ಎರಡು ವರ್ಷದ ಮಗೂಗೆ ಕನ್ನಡದಲ್ಲಿ ಏನಿದೆ?" ಅಂತ ಕೇಳಿದೆ. ಮಗನಿಗೆ ಬೇಕಿತ್ತು. ಅಂಗಡಿಯವರು ಅಕ್ಷರಮಾಲೆ ಕೊಟ್ಟರು. ಅದೇ ಅರಸ, ಅದೇ ಆನೆ, ಋಗೆ ಅದೇ ಋಷಿ ಪಾಪ, ಗಡ್ಡ ಬಿಟ್ಟುಕೊಂಡು ಕೂತಿದ್ದಾರೆ. "ಕಥೆ ಬೇಕಿತ್ತು" ಅಂದೆ. ನೀತಿಕಥೆಗಳ ಕಟ್ಟು ಬಂತು. ಮೊಸಳೆ ಕೋತಿಯ ಹೃದಯ ಕೇಳುತ್ತೆ, ನರಿ ಮೋಸ ಮಾಡುತ್ತೆ, ದುರಾಸೆಯ ನಾಯಿ ರೊಟ್ಟಿ ಕಳೆದುಕೊಳ್ಳುತ್ತೆ. ಪುಟದ ತುಂಬ ಸಣ್ಣಕ್ಷರ, ಮೂಲೆಯಲ್ಲೊಂದು ಚಿತ್ರ. ಕೊನೆಗೆ ಚೌಕದೊಳಗೆ ದಪ್ಪಕ್ಷರದಲ್ಲಿ 'ನೀತಿ:'. ಈ ಕಥೆಗಳ ಮೇಲೆ ನನಗೇನೂ ಕೋಪವಿಲ್ಲ, ಏಳು ಎಂಟು ವರ್ಷಕ್ಕೆ ಅವು ಬೇಕೇ ಬೇಕು. ಆದರೆ ಈಗಷ್ಟೇ ಓಡಾಡಲು ಕಲಿತ ಮಗುವಿಗೆ ದುರಾಸೆಯ ಬಗ್ಗೆ ಎಚ್ಚರಿಕೆ ಯಾಕೆ? ಅದಕ್ಕಿರೋ ದುರಾಸೆ ಒಂದು ಬಿಸ್ಕತ್ತಿನದು.

ಸರಳ ಓದಿನ ವಿಷಯ ಇನ್ನೂ ಕಷ್ಟ. ಕನ್ನಡ ಮಗು ಮೊದಲು ಆಡೋ ಮಾತುಗಳನ್ನು ನೋಡಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಎಲ್ಲದರಲ್ಲೂ ಒತ್ತಕ್ಷರ. ಬೆಕ್ಕು, ಗುಬ್ಬಿ, ಕಪ್ಪೆ, ಎಮ್ಮೆಯೂ ಅಷ್ಟೇ. ಕ್ರಿಯಾಪದಕ್ಕೆ ಹೋದರೆ ಬರುತ್ತೆ, ಹೋಗುತ್ತೆ, ತಿನ್ನುತ್ತೆ, ಮತ್ತೆ ಒತ್ತು. ನಾವು ಒತ್ತಕ್ಷರ ಕಲಿಸೋದು ಕೊನೆಗೆ. ಅಂದರೆ ಮಗು 'ಅಮ್ಮ' ಅಂತ ಓದೋ ಹೊತ್ತಿಗೆ ಮೂಲಾಕ್ಷರ, ಕಾಗುಣಿತ ಎಲ್ಲ ದಾಟಿ ಸುಸ್ತಾಗಿರುತ್ತೆ. ಅಷ್ಟು ದಿನ ಅದರ ಕೈಯಲ್ಲಿ ಕಥೆಯಿಲ್ಲ, ಮಗ್ಗಿ ಥರದ ಪಟ್ಟಿ ಮಾತ್ರ.

ದಾರಿ ಇಲ್ಲವೇ ಅಂದರೆ, ಇದೆ. ಅದನ್ನು ಕಂಡುಕೊಂಡದ್ದೂ ನಮ್ಮ ಸರ್ಕಾರಿ ಶಾಲೆಗಳೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಅನ್ನೋ ಕಲಿಕೆಯ ಪದ್ಧತಿಯಲ್ಲಿ ಅ ಆ ಇ ಈ ಅಂತ ಹೋಗೋದಿಲ್ಲ. ಮೊದಲು ರ ಗ ಸ ದ ಅ. ಆಮೇಲೆ ಜ ವ ಮ ಬ ನ. ಐದೇ ಅಕ್ಷರ ಬಂದರೆ ಅರಸ, ಸರ, ಗರಗಸ ಓದಬಹುದು. ಇದನ್ನು ಹೇಳಿದ್ದು ನನ್ನ ತಂಗಿ, ಅವಳೂ ಮೇಷ್ಟರೇ. ಕೇಳಿ ಎಷ್ಟು ಖುಷಿಯಾಯಿತು ಅಂದರೆ, ಅವತ್ತು ರಾತ್ರಿ ಆ ಹತ್ತೇ ಅಕ್ಷರ ಇಟ್ಟುಕೊಂಡು ಕಥೆ ಕಟ್ಟಲು ಕೂತೆ. ಕಾಗುಣಿತ ಇಲ್ಲ, ಒತ್ತಿಲ್ಲ, ಸೊನ್ನೆಯೂ ಇಲ್ಲ.

ಮೊದಲ ಪುಟ: ಬಸವನ ದನ ಸರಸರ.
ಎರಡು: ಅರಸನ ವನ.
ಮೂರು: ದನ ಗಬಗಬ.
ನಾಲ್ಕು: ಅರಸ ದಬದಬ. (ಚಿತ್ರದಲ್ಲಿ ಅರಸ ಮಹಡಿಯ ಕಿಟಕಿ ಬಡಿಯುತ್ತಿರಬೇಕು.)
ಐದು: ದನ ಸರಸರ.

ನೋಡಿ, ಇಡೀ ಕಥೆಯಲ್ಲಿ ಒಂದೂ ಕ್ರಿಯಾಪದ ಇಲ್ಲ. ಬೇಕಾಗಲೂ ಇಲ್ಲ. ಸರಸರ, ಗಬಗಬ, ದಬದಬ, ಗರಗರ, ಬರಬರ, ಇನ್ನೊಂದಿಷ್ಟು ಅಕ್ಷರ ಸೇರಿದರೆ ಪಟಪಟ, ಚಟಪಟ. ಈ ಥರದ ಮಾತುಗಳು ನಮ್ಮಲ್ಲಿ ರಾಶಿ ಇವೆ. ಬಹಳಷ್ಟಕ್ಕೆ ಕೊಂಬೂ ಇಲ್ಲ, ಒತ್ತೂ ಇಲ್ಲ. ಮಕ್ಕಳಿಗೆ ಹೇಳಿಕೊಟ್ಟರೆ ಕುಣಿದಾಡಿ ಹೇಳ್ತಾವೆ. ಇಂಗ್ಲಿಷಿನವರು ಸರಳ ಪುಸ್ತಕ ಬರೆಯಲು ಬೆಕ್ಕನ್ನು ಚಾಪೆಯ ಮೇಲೆ ಕೂರಿಸಿ ('ದ ಕ್ಯಾಟ್ ಸ್ಯಾಟ್ ಆನ್ ದ ಮ್ಯಾಟ್') ಒದ್ದಾಡುತ್ತಾರೆ. ನಮಗೆ ಭಾಷೆಯೇ ಇಷ್ಟು ಕೊಟ್ಟಿದೆ, ನಾವು ಅದನ್ನು ಅಡುಗೆಮನೆಯಲ್ಲಿ ಬಿಟ್ಟು 'ಸತ್ಯವನ್ನೇ ನುಡಿಯಬೇಕು' ಅಂತ ಅಚ್ಚು ಹಾಕಿಸುತ್ತೇವೆ.

ಇದನ್ನು ನೆನೆದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತೆ. ಯಾಕೆ ಹೀಗೆ ಅಂತ ಕೇಳಿದರೆ ಎಲ್ಲರ ಹತ್ತಿರವೂ ಉತ್ತರ ಇದೆ. ಬಣ್ಣದ ಅಚ್ಚು ದುಬಾರಿ, ಕಡಿಮೆ ಪ್ರತಿಗೆ ಇನ್ನೂ ದುಬಾರಿ. ಕೊಳ್ಳೋರು ಇಂಗ್ಲಿಷ್ ಪುಸ್ತಕ ಕೊಳ್ಳುತ್ತಾರೆ. ಹೌದು. ಆದರೆ ಅಪ್ಪ ಮನೆ ಕಂದಾಯದ ಜೊತೆ ಶೇ 6 ಗ್ರಂಥಾಲಯ ಕರ ಅಂತ ಕಟ್ಟುತ್ತಲೇ ಬಂದಿದ್ದಾರೆ, 1965ರ ಕಾಯ್ದೆಯ ಪ್ರಕಾರ. ಊರಿನ ಲೈಬ್ರರಿಗೆ ಪುಟ್ಟಿಯನ್ನು ಕರೆದುಕೊಂಡು ಹೋದೆ. ಪೇಪರ್ ಓದುತ್ತಿದ್ದ ಹಿರಿಯರೆಲ್ಲ ತಲೆ ಎತ್ತಿ ನೋಡಿದರು. ಸಣ್ಣ ಮಕ್ಕಳದ್ದು ಅಂತ ಇದ್ದ ಕಪಾಟಿಗೆ ಬೀಗ. "ಹರಿದು ಹಾಕ್ತಾರೆ ಸಾರ್" ಅಂದರು. ಹರಿದರೆ ಹರೀಲಿ ಅಂತ ಎರಡು ಪ್ರತಿ ಇಡೋದು ಇಂಗ್ಲೆಂಡಿನವರ ಲೆಕ್ಕ. ಲೈಬ್ರರಿಯಿಂದ ಪುಸ್ತಕ ಎರವಲು ಹೋದರೆ ಬರೆದವರಿಗೂ ಚಿತ್ರ ಬಿಡಿಸಿದವರಿಗೂ ಅಷ್ಟಿಷ್ಟು ಕಾಸು ಸಿಗುವ ಹಾಗೆ ಬ್ರಿಟನ್ನಿನಲ್ಲಿ 1979ರಲ್ಲೇ ಕಾನೂನು ಮಾಡಿದ್ದಾರೆ. ನೂರು ಪದದ ಪುಸ್ತಕಕ್ಕೆ ಒಬ್ಬರು ವರ್ಷಗಟ್ಟಲೆ ಕೂರಬೇಕಾದರೆ ಇಂಥದ್ದೂ ಬೇಕಾಗುತ್ತೆ.

ಇಷ್ಟು ಬೈದ ಮೇಲೆ ಕೆಲವು ಮಾತು ಹೇಳಲೇಬೇಕು, ಹೇಳದಿದ್ದರೆ ತಂಗಿ ಬಿಡೋದಿಲ್ಲ. ಬರ್ಮಿಂಗ್‌ಹ್ಯಾಮಿನ ನಗರಸಭೆ 2023ರ ಸೆಪ್ಟೆಂಬರಿನಲ್ಲಿ ಕೈಯಲ್ಲಿ ದುಡ್ಡಿಲ್ಲ ಅಂತ ಘೋಷಿಸಿಕೊಂಡಿತು. ಆಮೇಲೆ ಕತ್ತರಿ ಬಿದ್ದದ್ದರಲ್ಲಿ ಬಡಾವಣೆಗಳ ಲೈಬ್ರರಿಗಳೂ ಇವೆ. ಇಲ್ಲಿ ಎಲ್ಲ ಸರಿಯಿದೆ ಅಂತಲ್ಲ.

ಇನ್ನೊಂದು, ನಾನು ಅಂಗಡಿಯಲ್ಲಿ ಹುಡುಕಿದ್ದು ಅಂಗಡಿಯ ಹೊರಗೆ ಇತ್ತು. ಬೆಂಗಳೂರಿನಲ್ಲೇ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಅನ್ನೋ ಮಕ್ಕಳ ಪುಸ್ತಕ ಪ್ರಕಾಶನ 2015ರಲ್ಲಿ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ತೆರೆಯಿತು. ಕನ್ನಡದ ಚಿತ್ರಪುಸ್ತಕಗಳು ಅಲ್ಲಿ ಪುಕ್ಕಟೆ ಸಿಗುತ್ತವೆ, ಓದಿನ ಮಟ್ಟದ ಮೇಲೆ ವಿಂಗಡಿಸಿದ್ದು ಬೇರೆ. ಯಾರು ಬೇಕಾದರೂ ಇಳಿಸಿಕೊಂಡು ಅಚ್ಚು ಹಾಕಿಕೊಳ್ಳಬಹುದು. ಮೊದಲ ಮಟ್ಟದವುಗಳಲ್ಲಿ ಎಷ್ಟೋ ಪುಸ್ತಕಗಳು ನಾನು ಇಲ್ಲಿ ಹೊಗಳಿದವುಗಳಷ್ಟೇ ಹಗುರ, ಅಷ್ಟೇ ತಮಾಷೆ. ಚೆನ್ನೈನ ತೂಲಿಕಾ ತೊಂಬತ್ತರ ದಶಕದಿಂದಲೂ ಮಕ್ಕಳ ಪುಸ್ತಕ ಮಾಡುತ್ತಿದೆ, ಕನ್ನಡದಲ್ಲೂ ತರುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ಚೆನ್ನೈನಿಂದ ಕನ್ನಡ ಪುಸ್ತಕ ತರಿಸಿಕೊಳ್ಳೋದರಲ್ಲಿ ಒಂಥರಾ ಮಜಾ ಇದೆ.

ಇನ್ನು ಅಪ್ಪ. ಪುಸ್ತಕ ಕೆಳಗಿಟ್ಟ ಮೇಲೆ ಅವರು ಬೇರೆಯೇ ಮನುಷ್ಯ. ಕರೆಂಟು ಹೋದ ರಾತ್ರಿ ಪುಟ್ಟಿಗೆ ಕಾಗೆ-ಗುಬ್ಬಿ ಕಥೆ ಹೇಳಿದರು. ಮಳೆ ಬಂತು, ಕಾಗೆ ಮನೆ ಕೊಚ್ಚಿಹೋಯಿತು. ಗುಬ್ಬಕ್ಕಾ ಗುಬ್ಬಕ್ಕಾ ಬಾಗಿಲು ತೆಗಿ. ತಡಿ, ಮಗೂಗೆ ಸ್ನಾನ ಮಾಡಿಸ್ತಿದೀನಿ. ಗುಬ್ಬಕ್ಕಾ ಬಾಗಿಲು ತೆಗಿ. ತಡಿ, ಮಗೂಗೆ ಹಾಲು ಕುಡಿಸ್ತಿದೀನಿ. ಪುಟ್ಟಿ ಎರಡನೇ ಸುತ್ತಿಗೇ ಜೊತೆ ಸೇರಿಕೊಂಡಳು. ಬಾಗಿಲು ತಟ್ಟೋದು, ತಡಿ ಅನ್ನೋದು, ಒಂದೇ ಮಾತು ಮತ್ತೆ ಮತ್ತೆ ಬರೋದು, ಮುಂದೇನು ಅಂತ ಕಾಯೋದು. ಇಲ್ಲಿನ ಒಳ್ಳೆಯ ಚಿತ್ರಪುಸ್ತಕದಲ್ಲಿ ಏನಿದೆಯೋ ಅದೆಲ್ಲ ಅದರಲ್ಲಿತ್ತು. ಕೊನೆಗೆ ಕಾಗೆ ಏನಾಯಿತು ಅನ್ನೋದು ಮನೆಗೊಂದು ಥರ, ನಮ್ಮಪ್ಪ ಅದನ್ನು ಒಳಗೆ ಕರೆಸಿ ಮಲಗಿಸಿಬಿಟ್ಟರು. ನೀತಿ ಕೇಳಲಿಲ್ಲ. ಬಾಯಲ್ಲಿದ್ದಾಗ ನಮ್ಮ ಕಥೆ ಅಜ್ಜಿ, ಅಚ್ಚಿಗೆ ಇಳಿದ ಕೂಡಲೇ ಮೇಷ್ಟರು. ನನ್ನ ತಕರಾರು ಇಷ್ಟೇ.

ಈಗ ಮನೆಯಲ್ಲಿ ಸ್ಟೋರಿವೀವರಿನ ಕನ್ನಡ ಪುಸ್ತಕಗಳನ್ನು ಪ್ರಿಂಟ್ ಹಾಕಿ ಪಿನ್ ಹೊಡೆದು ಇಟ್ಟಿದ್ದೇವೆ. ಬಸವನ ದನಕ್ಕೆ ಪುಟ್ಟಿಯೇ ಚಿತ್ರ ಬಿಡಿಸಿದ್ದಾಳೆ. ದನಕ್ಕೆ ಆರು ಕಾಲು ಬಂದಿವೆ, ಓಡ್ತಿದೆಯಲ್ಲ ಅದಕ್ಕೆ ಅಂತೆ. ಅವಳ ಮಟ್ಟಿಗೆ ಇಷ್ಟು ಸಾಕು. ಆದರೆ ಅವಳ ತಮ್ಮ ಇನ್ನೂ ತಿನ್ನೋ ವಯಸ್ಸಿನವನು, ಪ್ರಿಂಟ್ ಹಾಳೆ ಅವನ ಕೈಯಲ್ಲಿ ಐದು ನಿಮಿಷ ಉಳಿಯೋದಿಲ್ಲ. ದಪ್ಪ ರಟ್ಟಿನ, ದುಂಡು ಮೂಲೆಯ ಪುಸ್ತಕವನ್ನು ಮನೆಯ ಪ್ರಿಂಟರಿನಲ್ಲಿ ಮಾಡಲಾಗದು. ಅದಕ್ಕೆ ಪ್ರಕಾಶಕರೇ ಬೇಕು. ಕನ್ನಡದಲ್ಲಿ ಯಾರಾದರೂ ಹತ್ತು ಪುಟದ್ದೊಂದು ಮಾಡಿ, ಗುಬ್ಬಿಯದ್ದಾಗಲಿ ದನದ್ದಾಗಲಿ. ಬಸವನ ದನ ಬೇಕಿದ್ದರೆ ತಗೊಳ್ಳಿ, ದುಡ್ಡು ಬೇಡ.