ಸ್ಪಷ್ಟನೆ: ದಿವಾಳಿಯಾದ ಸಾಬ್ ಬೇರೆ, ಗ್ರಿಪೆನ್ ಕಟ್ಟುವ ಸಾಬ್ ಬೇರೆ

‘ಸ್ವೀಡನ್ನಿನ ಸಾಬ್ 2011ರಲ್ಲೇ ದಿವಾಳಿಯಾಗಿದೆ, ಇನ್ನು ಅದರ ಗ್ರಿಪೆನ್ ಯುದ್ಧವಿಮಾನಕ್ಕೆ ಬಿಡಿಭಾಗ ಕೊಡುವವರು ಯಾರು?’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಸಾಬ್ 1937ರಲ್ಲಿ ಹುಟ್ಟಿದ್ದೇ ಸ್ವೀಡನ್ನಿನ ವಾಯುಪಡೆಗೆ ವಿಮಾನ ಕಟ್ಟಲು. ಯುದ್ಧ ಮುಗಿದು ವಿಮಾನದ ಬೇಡಿಕೆ ಇಳಿಯುವುದು ಖಚಿತವಾದಾಗ ಕಾರಿಗೂ ಕೈಹಾಕಿತು. ಮೊದಲ ಮಾದರಿ ಸಾಬ್ 92ರ ತಯಾರಿಕೆ ಶುರುವಾದದ್ದು 1949ರ ಕೊನೆಗೆ. 1969ರಲ್ಲಿ ಟ್ರಕ್ ತಯಾರಕ ಸ್ಕ್ಯಾನಿಯಾ ಜೊತೆ ವಿಲೀನ.

ಗೊಂದಲದ ಬೇರು ಇರುವುದು 1990ರಲ್ಲಿ. ಆ ವರ್ಷ ಕಾರು ವಿಭಾಗವನ್ನು ‘ಸಾಬ್ ಆಟೊಮೊಬೈಲ್’ ಎಂಬ ಪ್ರತ್ಯೇಕ ಕಂಪನಿ ಮಾಡಿ, ಅರ್ಧ ಪಾಲನ್ನು ಜನರಲ್ ಮೋಟರ್ಸ್‌ಗೆ ಮಾರಲಾಯಿತು. 2000ದಲ್ಲಿ ಉಳಿದರ್ಧವೂ ಅದರ ಪಾಲಾಯಿತು. 2010ರಲ್ಲಿ ಡಚ್ ಕಂಪನಿ ಸ್ಪೈಕರ್ ಕೊಂಡಿತು; 2011ರ ಡಿಸೆಂಬರ್ 19ರಂದು ದಿವಾಳಿ ಅರ್ಜಿ ಬಿತ್ತು. ಆ ಸಾಲ ವಿಮಾನ ಕಂಪನಿಯದ್ದಲ್ಲ.

ವಿಮಾನ ಕಟ್ಟುವ ಕಂಪನಿ ‘ಸಾಬ್ ಎಬಿ’ ಸ್ವೀಡನ್ನಿನ ಲಿನ್‌ಶಾಪಿಂಗ್‌ನಲ್ಲಿ ಈಗಲೂ ಗ್ರಿಪೆನ್ ಜೋಡಿಸುತ್ತಿದೆ. ಅದರ ಹೊಸ ಮಾದರಿ ‘ಗ್ರಿಪೆನ್ ಇ’ ಮೊದಲು ಹಾರಿದ್ದೇ 2017ರಲ್ಲಿ, ಅಂದರೆ ಕಾರು ಕಂಪನಿ ಮುಳುಗಿ ಐದು ವರ್ಷ ಕಳೆದ ಮೇಲೆ. ಸುದ್ದಿ ಹಂಚುವ ಮುನ್ನ ಕಂಪನಿಯ ಪೂರ್ಣ ಹೆಸರು ನೋಡಿ: ‘ಆಟೊಮೊಬೈಲ್’ ಎಂದಿದ್ದರೆ ಅದು ಕಾರಿನದು.