ಒತ್ತಿ, ಹಿಡ್ಕೊಳ್ಳಿ, ಬಿಡ್ಬೇಡಿ

ಇವತ್ತು ಮೂರನೇ ಸಲ. ಬಿಡಿಭಾಗದ ಅಂಗಡಿಗೆ ಎರಡು ಕಬ್ಬಿಣದ ಮುದ್ದೆ ಹೊತ್ತುಕೊಂಡು ಹೋದವನು ಅದೇ ಎರಡು ಮುದ್ದೆ ಹೊತ್ತುಕೊಂಡು ವಾಪಸ್ ಬಂದೆ.

ಅಮೆರಿಕದಲ್ಲಿ ಬ್ರೇಕ್ ಕ್ಯಾಲಿಪರ್ (ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಭಾಗ) ಕೊಂಡರೆ ಅದರ ಬೆಲೆಯ ಮೇಲೆ 'ಕೋರ್' ಅಂತ ಒಂದು ಡಿಪಾಸಿಟ್ ಹಿಡಿಯುತ್ತಾರೆ. ಗಾಡಿಯಿಂದ ಬಿಚ್ಚಿದ ಹಳೇದನ್ನು ತಂದುಕೊಟ್ಟರೆ ದುಡ್ಡು ವಾಪಸ್. ನಮ್ಮೂರಲ್ಲಿ ಸೋಡಾ ಬಾಟಲಿಗೆ ಹಿಡಿಯುತ್ತಿದ್ದರಲ್ಲ, ಅದೇ ಲೆಕ್ಕ. ತೊಂದರೆ ಏನೆಂದರೆ, ನಾನು ಕೊಂಡಿದ್ದು ಟೊಯೋಟ ಪಿಕಪ್ಪಿನ ಕ್ಯಾಲಿಪರ್, ಬಿಚ್ಚಿದ್ದು ಡಾಟ್ಸನ್ನಿನದು.

"ಇದು ಟೊಯೋಟದ್ದಲ್ಲ" ಅಂದ ಕೌಂಟರಿನ ಹುಡುಗ.

"ಅಲ್ಲ. ಡಾಟ್ಸನ್‌ದು."

"ಟೊಯೋಟದ್ದು ಎಲ್ಲಿದೆ?"

"ಡಾಟ್ಸನ್ನಿನಲ್ಲಿದೆ."

ಹುಡುಗ ಕಂಪ್ಯೂಟರ್ ಕಡೆ ನೋಡಿದ. ನನ್ನ ಕಡೆ ನೋಡಿದ. "ಹಾಗಾದರೆ ಅದನ್ನು ಬಿಚ್ಚಿ ತನ್ನಿ, ತಗೋತೀನಿ" ಅಂದ. ಅವನೇ ನನಗೆ ಮಾರಿದ್ದನ್ನು!

ಮೊದಲಿಂದ ಹೇಳಿದರೆ ವಾಸಿ. ನನ್ನ ಹತ್ತಿರ 1972ರ ಡಾಟ್ಸನ್ 240 ಝಡ್ ಇದೆ. ಎರಡೇ ಸೀಟು, ಉದ್ದ ಮೂತಿ, ಆರು ಸಿಲಿಂಡರಿನ 2.4 ಲೀಟರ್ ಎಂಜಿನ್, ಕಿತ್ತಳೆ ಬಣ್ಣ. ಜಪಾನಿನಲ್ಲಿ ಇದರ ಹೆಸರು 'ಫೇರ್‌ಲೇಡಿ ಝಡ್'. ಸ್ಪೋರ್ಟ್ಸ್ ಕಾರಿಗೆ ಆ ಹೆಸರಿಟ್ಟರೆ ಅಮೆರಿಕದವರು ನಗುತ್ತಾರೆ ಅಂತ ಕಂಪನಿಯ ಇಲ್ಲಿನ ಮುಖ್ಯಸ್ಥರಾಗಿದ್ದ ಯುತಾಕ ಕಟಯಾಮ ಅವರು 240 ಝಡ್ ಅಂತಲೇ ಮಾರಿಸಿದರು. ಇಲ್ಲಿಯವರ ಬಾಯಲ್ಲಿ ಅದು ಬರೀ 'ಝೀ'. ಊರಿಂದ ಬಂದ ನಮ್ಮ ಮಾವನವರಿಗೆ ಝೀ ಅಂದರೆ ಸಂಜೆಯ ಧಾರಾವಾಹಿ. ಹಾಗಾಗಿ ಮೊದಲ ವಾರ "ಝೀ ರಿಪೇರಿ ಮಾಡ್ತಿದೀನಿ ಮಾವ" ಅಂದಾಗಲೆಲ್ಲ ಅವರು ಟಿವಿ ಕಡೆ ನೋಡುತ್ತಿದ್ದರು.

ಈ ಗಾಡಿ 1050 ಕೇಜಿ ಆಸುಪಾಸು, ಹಗುರ. ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಅದರ ಕಾಲಕ್ಕೆ ಧಾರಾಳವಾಯಿತು. ಆದರೆ ಸಂಜೆ ಐದೂವರೆಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ 880 ಹೆದ್ದಾರಿಯಲ್ಲಿ ಮುಂದಿನ ಟೆಸ್ಲಾ ಗಕ್ಕನೆ ನಿಂತಾಗ, ಐವತ್ತು ವರ್ಷದ ಬ್ರೇಕು "ನಿಲ್ಲಬೇಕಾ? ನೋಡೋಣ" ಅಂತ ಯೋಚನೆಗೆ ಕೂರುತ್ತದೆ. ಹಳೇ ಝಡ್ ಸಾಕಿದವರಲ್ಲಿ ದಶಕಗಳಿಂದ ಓಡಾಡುವ ಉಪಾಯ ಒಂದಿದೆ: 1979ರಿಂದ 85ರ ನಡುವಿನ ಟೊಯೋಟ ಫೋರ್-ವ್ಹೀಲ್-ಡ್ರೈವ್ ಪಿಕಪ್ಪಿನ ಕ್ಯಾಲಿಪರ್ ತಂದರೆ ಅದೇ ಬೋಲ್ಟಿಗೆ, ಅದೇ ಡಿಸ್ಕಿಗೆ ಕೂರುತ್ತದೆ. ಡಿಸ್ಕನ್ನು ಒತ್ತಲು ಎರಡು ಪಿಸ್ಟನ್ ಇದ್ದ ಕಡೆ ನಾಲ್ಕು. ಡಿಸ್ಕಿನ ಹಿಂದಿರುವ ತಗಡನ್ನು ಒಂಚೂರು ಕತ್ತರಿಸಬೇಕು, ಪೈಪು ಒಂಚೂರು ಬಗ್ಗಿಸಬೇಕು, ಅಷ್ಟೆ. 'ಅಷ್ಟೆ' ಅಂತ ಮೊದಲು ಬರೆದವನು ಸಿಕ್ಕರೆ ನನಗೆ ಮಾತಾಡುವುದಿದೆ.

ಕೂರಿಸಿದ್ದು ನಿಜಕ್ಕೂ ಒಂದೇ ಶನಿವಾರ. ಉಳಿದದ್ದು ಏರ್ ತೆಗೆಯುವುದು. ಬ್ರೇಕ್ ಆಯಿಲಿನ ದಾರಿಯಲ್ಲಿ ಒಂದು ಗುಳ್ಳೆ ಗಾಳಿ ಇದ್ದರೂ ಪೆಡಲು ಮೆತ್ತಗೆ. ಅದಕ್ಕೆ ಇಬ್ಬರು ಬೇಕು. ಒಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಚಕ್ರದ ಹತ್ತಿರ ಕ್ಯಾಲಿಪರಿನ ನಿಪ್ಪಲ್ (ಗಾಳಿ ಬಿಡುವ ತಿರುಪು) ಸಡಿಲಿಸಿ ಗಾಳಿ ಬಿಟ್ಟು, ಬಿಗಿ ಮಾಡಬೇಕು. ಬಿಗಿ ಮಾಡುವ ತನಕ ಒಳಗಿನವನು ಕಾಲು ತೆಗೆಯಬಾರದು. ತೆಗೆದರೆ ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಹೆಂಡತಿಗೆ ಆಫೀಸಿನ ಕಾಲ್ ಇತ್ತು. ಅವಳಿಗೆ ಬ್ರೇಕ್ ವಿಷಯ ಬಂದಾಗಲೆಲ್ಲ ಕಾಲ್ ಇರುತ್ತದೆ. "ಅಪ್ಪ ಸುಮ್ನೆ ಕೂತಿದಾರಲ್ಲ" ಅಂದಳು.

ಮಾವನವರು ತಿಪಟೂರು ಕಡೆಯ ತೆಂಗಿನ ತೋಟದವರು. ಎಪ್ಪತ್ತಾರು ವರ್ಷ. ಝಡ್‌ನ ಸೀಟು ನೆಲದಿಂದ ಒಂದು ಗೇಣು ಮೇಲೆ ಇದ್ದರೆ ಹೆಚ್ಚು. ಪಂಚೆ ಉಟ್ಟವರನ್ನು ಅದರೊಳಗೆ ಇಳಿಸುವುದು ತೊಟ್ಟಿಲಿಗೆ ಮಗು ಹಾಕಿದ ಹಾಗೆ. ಇಳಿಸಿದೆ. ನಾನು ಚಕ್ರದ ಪಕ್ಕ ಮಲಗಿದೆ.

"ಒತ್ತಿ ಮಾವ!"

"ಒತ್ತಿದೀನಿ ಅಳಿಯಂದ್ರೇ!"

"ಹಿಡ್ಕೊಳ್ಳಿ!"

"ಹಿಡ್ಕಂಡಿದೀನಿ!"

ಸ್ಪ್ಯಾನರ್ ತಿರುಗಿಸಿದೆ. "ಬಿಡ್ಬೇಡಿ!"

ಬಿಟ್ಟರು.

ಗ್ಯಾರೇಜಿನ ಗೋಡೆಗೆ ಬಡಿದು ಹೋಗುವಷ್ಟರಲ್ಲಿ 'ಬಿಡ್ಬೇಡಿ'ಯ ನಡುವಿನ 'ಬೇ' ಎಲ್ಲೋ ಉದುರಿಹೋಗಿ ಅವರ ಕಿವಿಗೆ 'ಬಿಡಿ' ಅಂತಲೇ ಬೀಳುತ್ತಿತ್ತು. ಬಿಡು ಅನ್ನುವುದಕ್ಕೂ ಬಿಡಬೇಡ ಅನ್ನುವುದಕ್ಕೂ ಒಂದೇ ಅಕ್ಷರದ ಅಂತರ ಇಟ್ಟ ನಮ್ಮ ಹಿರಿಯರು ಯಾರೂ ಬ್ರೇಕಿನ ಏರ್ ತೆಗೆದವರಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. 'ರಾಮ' ಅಂದರೆ ಒತ್ತಿ ಹಿಡಿಯುವುದು, 'ಗೋವಿಂದ' ಅಂದರೆ ಬಿಡುವುದು. ಅರ್ಧ ಗಂಟೆ ಕಳೆದಿರಬಹುದು, ಹೆಂಡತಿ ಬಾಗಿಲು ತೆರೆದು, "ಭಜನೆ ಸ್ವಲ್ಪ ಮೆಲ್ಲಗೆ ಮಾಡ್ತೀರಾ, ಮ್ಯಾನೇಜರ್ ಕೇಳ್ತಿದಾರೆ" ಅಂದು ಹೋದಳು.

ಭಾಷೆ ಸರಿಹೋಯಿತು, ಕಾಲು ಸರಿಹೋಗಲಿಲ್ಲ. ಮಾವನವರಿಗೆ ಪೆಡಲ್ ಹಿಡಿದುಕೊಂಡು ಸುಮ್ಮನಿರಲು ಬರುವುದಿಲ್ಲ. ಪಂಪ್ ಮಾಡುತ್ತಾರೆ. ಟಕ್, ಟಕ್, ಟಕ್. 'ರಾಮ' ಅಂದರೆ ಮೂರು ಸಲ ರಾಮ. ನಾನು ನಿಪ್ಪಲ್ ತೆಗೆದಿಟ್ಟಾಗ ಅವರು ಮೂರು ಸಲ ಮೆಟ್ಟಿದರೆ ಬ್ರೇಕ್ ಆಯಿಲ್ ನನ್ನ ಕನ್ನಡಕದ ಮೇಲೆ. ಅದರ ಜೊತೆಗೆ, ಬಿಡುವಿನಲ್ಲಿ ಆಯಿಲ್ ಡಬ್ಬಿಯ ಮುಚ್ಚಳವನ್ನು ಅವರು ಜೋಪಾನವಾಗಿ ಮಡ್ಗಾರ್ಡಿನ ಮೇಲೆ ಇಟ್ಟಿದ್ದರು. ಡಾಟ್ 3 ಅನ್ನುವ ಈ ಬ್ರೇಕ್ ಆಯಿಲಿಗೆ ಪೇಂಟ್ ಅಂದರೆ ಪಾಯಸ. ಈಗಲೂ ಅಲ್ಲಿ ಎಂಟಾಣೆ ಅಗಲದ ಗುಳ್ಳೆ ಎದ್ದ ಗುರುತಿದೆ. ಅದನ್ನು ನೋಡಿದಾಗಲೆಲ್ಲ ನನ್ನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ.

ಮೂರು ಸಂಜೆ, ನಾಲ್ಕು ಡಬ್ಬಿ ಆಯಿಲ್. ಪೆಡಲ್ ಮಾತ್ರ ಹೋಳಿಗೆಯ ಕಣಕದಲ್ಲಿ ಕಾಲಿಟ್ಟ ಹಾಗೆ. ಎಲ್ಲಾ ಆ ಕಾಲಿನ ದೆಸೆಯಿಂದ ಅಂತ ಒಳಗೊಳಗೇ ಕುದಿಯುತ್ತಿದ್ದೆ. ಮೂರನೇ ಸಂಜೆ ತಡೆಯಲಾಗದೆ, ಆದಷ್ಟು ಮೆತ್ತಗೆ, "ಮಾವ, ಅದ್ಯಾಕೆ ಮೂರು ಸಲ?" ಅಂತ ಕೇಳಿದೆ.

ಅವರು ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದರು. 1984. ಅವರ ಅಂಬಾಸಿಡರ್‌ನಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದರಂತೆ. ಶಿರಾಡಿ ಘಾಟಿ ಇಳಿಯುವಾಗ ಪೆಡಲ್ ನೆಲ ಮುಟ್ಟಿತು. ಮುಂದೆ ಮರದ ದಿಮ್ಮಿಯ ಲಾರಿ. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ತೊಡೆಯ ಮೇಲೆ ನಾಲ್ಕು ವರ್ಷದ ನನ್ನ ಹೆಂಡತಿ. "ಒಂದ್ಸಲ ಮೆಟ್ಟಿದೆ, ಇಲ್ಲ. ಎರಡ್ನೇ ಸಲ, ಇಲ್ಲ. ಮೂರನೇ ಸಲಕ್ಕೆ ಹಿಡೀತು ಅಳಿಯಂದ್ರೇ. ನಿಮ್ಮತ್ತೆ ಏನೂ ಅನ್ಲಿಲ್ಲ. ಕೆಳಗಿಳಿದ್ಮೇಲೆ 'ಕಾಫಿ ಕುಡಿಯೋಣ' ಅಂದ್ಲು, ಅಷ್ಟೆ." ಅತ್ತೆ ಹೋಗಿ ಎರಡು ವರ್ಷವಾಯಿತು. ನಾನು ಸ್ಪ್ಯಾನರನ್ನು ಸುಮ್ಮನೆ ಒರೆಸುತ್ತಾ ಕೂತೆ.

ಆಮೇಲೆ ಅವರನ್ನು ಎತ್ತಿ ಹೊರಗೆ ತೆಗೆದೆ. ಪಂಚೆ ಸರಿಮಾಡಿಕೊಂಡು ಚಕ್ರದ ಹತ್ತಿರ ಬಂದು ಬಗ್ಗಿ ನೋಡಿದರು. "ಗಾಳಿ ಬಿಡೋ ತೂತು ಯಾವ್ದು?" ತೋರಿಸಿದೆ. "ಇದ್ಯಾಕೆ ಕೆಳಗಿದೆ?"

"ಅದು ಹಾಗೇ ಇರೋದು ಮಾವ."

"ಅಲ್ಲಾ ಅಳಿಯಂದ್ರೇ, ನಮ್ಮ ತೋಟದ ಪೈಪ್‌ಲೈನಲ್ಲಿ ಏರ್ ಹಿಡ್ಕಂಡ್ರೆ ನೀರು ಬರಲ್ಲ. ಅದಕ್ಕೆ ಏರ್ ವಾಲ್ವ್ ಇಡೋದು ದಿಬ್ಬದ ಮೇಲೆ. ತಗ್ಗಲ್ಲಿ ಇಟ್ಟರೆ ನೀರು ಹೋಗುತ್ತೆ, ಗಾಳಿ ಮೇಲೇ ಕೂತಿರುತ್ತೆ."

ಕ್ಯಾಲಿಪರಿನಲ್ಲಿ ಎಡಗಡೆಯದು, ಬಲಗಡೆಯದು ಅಂತ ಇರುತ್ತದೆ. ನಾನು ಅದಲುಬದಲು ಮಾಡಿ ಹಾಕಿದ್ದೆ. ನಿಪ್ಪಲ್ ಮೇಲ್ತುದಿಯಲ್ಲಿ ಇರಬೇಕಾದ್ದು ಎರಡೂ ಕಡೆ ಕೆಳತುದಿಯಲ್ಲಿತ್ತು. ಮೂರು ಸಂಜೆ ಒಳ್ಳೇ ಆಯಿಲನ್ನು ಚೆಲ್ಲಿ, ಗಾಳಿಯನ್ನು ಜತನವಾಗಿ ಒಳಗೇ ಉಳಿಸಿಕೊಂಡಿದ್ದೆವು. ಈ ಮಾತನ್ನು ಮಾವನವರಿಗೆ ಆ ಕ್ಷಣವೇ ಒಪ್ಪಿಕೊಂಡೆ ಅಂತ ಬರೆಯಲು ಆಸೆ. "ಓಹೋ, ಹಾಗೂ ಒಂದ್ಸಲ ನೋಡೋಣ" ಅಂದೆ.

ಬದಲಾಯಿಸಿ ಹಾಕಿದ ಮೇಲೆ ಎಂಟೇ ರಾಮ, ಎಂಟೇ ಗೋವಿಂದ. ಪೆಡಲ್ ಕಲ್ಲಾಯಿತು.

ಭಾನುವಾರ ನೈಲ್ಸ್ ಕ್ಯಾನ್ಯನ್ ರಸ್ತೆಗೆ ಹೋದೆವು. ಒಂದು ಕಡೆ ಬೆಟ್ಟ, ಒಂದು ಕಡೆ ಹೊಳೆ, ತಿರುವಿನ ಮೇಲೆ ತಿರುವು. ಮೊದಲ ತಿರುವಿನಲ್ಲಿ ಕಾಲು ಸೋಕಿಸಿದೆ ಅಷ್ಟೆ, ಗಾಡಿ ಕಚ್ಚಿ ಹಿಡಿಯಿತು. ಖುಷಿಯಿಂದ ಪಕ್ಕಕ್ಕೆ ನೋಡಿದರೆ, ಮಾವನವರ ಬಲಗಾಲು ತಮ್ಮ ಕಡೆಯ ಖಾಲಿ ಮ್ಯಾಟಿನ ಮೇಲೆ ಮೆಟ್ಟುತ್ತಿತ್ತು. ಟಕ್, ಟಕ್, ಟಕ್.

"ಹಿಡೀತು ನೋಡಿ" ಅಂದರು.